ಹಪ್ಪಳದ ಬಿಸಿಲಲ್ಲಿ ಕಂಡ ಕಪ್ಪು ಚುಕ್ಕಿ

2024ರ ಮೇ 10, ಶುಕ್ರವಾರ. ಬಸವ ಜಯಂತಿ ರಜೆ ಅಂತ ಲ್ಯಾಪ್‌ಟಾಪ್ ಮುಚ್ಚಿಟ್ಟು ಊರಿಗೆ ಹೋಗಿದ್ದೆ. ಅಮ್ಮ ತಾರಸಿ ಮೇಲೆ ಹಪ್ಪಳ ಹರವುತ್ತಿದ್ದರು. ನಾನು 2019ರ ಗ್ರಹಣಕ್ಕೆ ಕೊಂಡಿದ್ದ ಕನ್ನಡಕ ಹುಡುಕಿ, ಗೀರು ಬಿದ್ದಿದೆಯಾ ಅಂತ ಬಲ್ಬಿನ ಎದುರು ಹಿಡಿದು ನೋಡಿ, ಹಾಕಿಕೊಂಡು ಮೇಲೆ ನೋಡಿದೆ. ಕಿತ್ತಳೆ ಬಿಲ್ಲೆಯ ಮೇಲೆ ಒಂದು ಸಣ್ಣ ಕಪ್ಪು ಕಲೆ. ಧೂಳಿರಬೇಕು ಅಂತ ಕನ್ನಡಕ ತಿರುಗಿಸಿ ಹಾಕಿಕೊಂಡರೂ ಅಲ್ಲೇ ಇತ್ತು.

ಅದರ ಹೆಸರು 13664. ಸೂರ್ಯನ ಮೇಲೆ ಮೂಡುವ ಕಲೆಗಳ ಗುಂಪಿಗೆ ಅಮೆರಿಕದ ನೋವಾ ಸಂಸ್ಥೆ ಹೀಗೆ ಸಾಲಾಗಿ ನಂಬರ್ ಕೊಡುತ್ತೆ. ಮೇ ಮೊದಲ ವಾರದಲ್ಲಿ ಇದು ಸಾಧಾರಣ ಗುಂಪು. ನೋಡನೋಡುತ್ತಲೇ ಊದಿಕೊಂಡು, ಪಕ್ಕದ ಇನ್ನೊಂದು ಗುಂಪಿನ ಜೊತೆ ಬೆರೆತು, ಸುಮಾರು 15 ಭೂಮಿಗಳನ್ನು ಸಾಲಾಗಿ ಇಟ್ಟಷ್ಟು ಅಗಲವಾಯಿತು. ದೂರದರ್ಶಕವೇ ಬೇಡ, ಗ್ರಹಣದ ಕನ್ನಡಕ ಸಾಕಿತ್ತು.

ಆದರೆ ಗಾತ್ರ ನೋಡಿ ಹೆದರಬೇಕಿಲ್ಲ. 2014ರ ದೀಪಾವಳಿ ಹೊತ್ತಿಗೆ 12192 ಅನ್ನೋ ದೈತ್ಯ ಗುಂಪೊಂದು ಬಂದಿತ್ತು, ಇಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲೇ ದೊಡ್ಡದು. ಅತಿ ಪ್ರಬಲವಾದ ಎಕ್ಸ್ ದರ್ಜೆಯ ಜ್ವಾಲೆಗಳನ್ನೇ ಆರು ಬಾರಿ ಎಬ್ಬಿಸಿತು. ಭೂಮಿಗೆ ಮಾತ್ರ ದೊಡ್ಡ ಬಿರುಗಾಳಿ ಕಳಿಸಲೇ ಇಲ್ಲ.

ನೋಡುವವರು ಹುಡುಕೋದು ಸಿಕ್ಕನ್ನು. ಪ್ರತಿ ಕಲೆಯೂ ಕಾಂತಕ್ಷೇತ್ರ ಒತ್ತೊತ್ತಾಗಿ ಹೊರಬಂದ ಜಾಗ, ಅದಕ್ಕೇ ಸುತ್ತಲಿಗಿಂತ ತಂಪು, ಅದಕ್ಕೇ ಕಪ್ಪು. ಒಂದು ಕಡೆ ಉತ್ತರ ಧ್ರುವ, ಇನ್ನೊಂದು ಕಡೆ ದಕ್ಷಿಣ ಧ್ರುವ ಅಂತ ಬೇರೆ ಬೇರೆ ಇದ್ದರೆ ಗುಂಪು ಬಹುಪಾಲು ಸುಮ್ಮನಿರುತ್ತೆ. ಎರಡೂ ಒಂದೇ ಕಲೆಯ ಮಬ್ಬು ಅಂಚಿನೊಳಗೆ ಒತ್ತರಿಸಿಕೊಂಡರೆ ಅದು 'ಡೆಲ್ಟಾ'. ಬಾವಿ ಹಗ್ಗವನ್ನು ಮತ್ತೆ ಮತ್ತೆ ಹುರಿಮಾಡಿದ ಹಾಗೆ ಅಲ್ಲಿ ಶಕ್ತಿ ತುಂಬಿಕೊಳ್ಳುತ್ತೆ. ಹಗ್ಗ ಎಲ್ಲಿ ತುಂಡಾಗಬಹುದು ಅಂತ ಹೇಳಬಹುದು, ಯಾವಾಗ ಅಂತ ಇವತ್ತಿಗೂ ನಿಖರವಾಗಿ ಹೇಳೋಕಾಗಲ್ಲ. ಮುನ್ಸೂಚನೆ ಅಂದರೆ 'ಮುಂದಿನ 24 ಗಂಟೆಯಲ್ಲಿ ಇಷ್ಟು ಪರ್ಸೆಂಟ್ ಸಾಧ್ಯತೆ' ಅಷ್ಟೇ. ನಮ್ಮ ಮಳೆ ಮುನ್ಸೂಚನೆಯನ್ನು ಬೈಯುವವರು ಇದನ್ನೊಮ್ಮೆ ನೋಡಬೇಕು.

ಆ ಶುಕ್ರವಾರ ಮಧ್ಯಾಹ್ನ ಸುಮಾರು ಹನ್ನೆರಡೂವರೆಗೆ, ನಾವು ಹೋಳಿಗೆ ಊಟಕ್ಕೆ ಕೂತಾಗ, 13664 ಎಕ್ಸ್3.9 ಜ್ವಾಲೆ ಎಬ್ಬಿಸಿತು. ಎ, ಬಿ, ಸಿ, ಎಂ, ಎಕ್ಸ್, ಒಂದೊಂದು ದರ್ಜೆ ಹಿಂದಿನದರ ಹತ್ತರಷ್ಟು. ಆ ಬೆಳಕು, ಎಕ್ಸ್-ಕಿರಣ ಎಲ್ಲ ಇಲ್ಲಿಗೆ ಬರೋಕೆ ಎಂಟೂಕಾಲು ನಿಮಿಷ ಸಾಕು. ಹಗಲಿದ್ದ ಕಡೆಯೆಲ್ಲ ಶಾರ್ಟ್‌ವೇವ್ ರೇಡಿಯೋ ಕೆಡೋದು ಆಗಲೇ. ನಾನು ತಾರಸಿ ಮೇಲೇ ಇದ್ದಿದ್ದರೂ ಏನೂ ಕಾಣುತ್ತಿರಲಿಲ್ಲ ಬಿಡಿ. ಕನ್ನಡಕಕ್ಕೆ ಕಲೆ ಕಾಣುತ್ತೆ, ಜ್ವಾಲೆ ಕಾಣಲ್ಲ. 1859ರಲ್ಲಿ ಇಂಗ್ಲೆಂಡಿನ ಕ್ಯಾರಿಂಗ್ಟನ್ ಕಲೆಗಳ ಚಿತ್ರ ಬಿಡಿಸುತ್ತಾ ಕೂತಿದ್ದಾಗ ಮಾಮೂಲಿ ಬೆಳಕಲ್ಲೇ ಜ್ವಾಲೆ ಕಂಡಿದ್ದು ಅಪರೂಪದ ಅದೃಷ್ಟ. ನಮಗೆ ಗೋಸ್ ಉಪಗ್ರಹದ ಎಕ್ಸ್-ಕಿರಣದ ಗ್ರಾಫ್ ಇದೆ, ಫೋನಲ್ಲೇ ಪುಕ್ಕಟೆ ಸಿಗುತ್ತೆ. ಗೆರೆ ಸರಕ್ಕನೆ ಮೇಲೇರಿದರೆ ಜ್ವಾಲೆ ಎದ್ದಿದೆ ಅಂತ ಅರ್ಥ.

ಅವತ್ತು ರಾತ್ರಿ ಭೂಮಿಗೆ ಬಡಿದಿದ್ದು ಈ ಮಧ್ಯಾಹ್ನದ್ದಲ್ಲ. ಒಂದೆರಡು ದಿನ ಮೊದಲೇ ಅದೇ ಗುಂಪು ಉಗುಳಿದ್ದ ಕಾಂತೀಯ ಅನಿಲದ ಮೋಡಗಳು, ಒಂದರ ಹಿಂದೊಂದು ಬಂದಿದ್ದವು. ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾಯಿತು. ಅಲ್ಲಿನ ವೀಕ್ಷಣಾಲಯವನ್ನು ನಡೆಸೋದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ಅವರ ಕ್ಯಾಮೆರಾದಲ್ಲೇ ಅದು ಸೆರೆಯಾಗಿದ್ದು. ಹಾಸನದ ಇಸ್ರೋ ನಿಯಂತ್ರಣ ಕೇಂದ್ರದವರಿಗೆ ಎಚ್ಚರದ ಕಾವಲು. ವಾತಾವರಣ ಬಿಸಿಯಾಗಿ ಉಬ್ಬಿದ್ದರಿಂದ, ದಿನಕ್ಕೆ 35-40 ಮೀಟರ್ ಕೆಳಗಿಳಿಯುತ್ತಿದ್ದ ಕಾರ್ಟೋಸ್ಯಾಟ್-2ಎಫ್ ಉಪಗ್ರಹ ಮೇ 11ರಂದು 180 ಮೀಟರ್ ಇಳಿಯಿತು. ದೊಡ್ಡ ಅನಾಹುತ ಆಗಲಿಲ್ಲ. ನಾನು ಮಲಗಿಬಿಟ್ಟಿದ್ದೆ.

ನೀವೂ ನೋಡೋದಾದರೆ ಒಂದು ಮಾತು. ಬರಿಗಣ್ಣು, ಕೂಲಿಂಗ್ ಗ್ಲಾಸ್, ಹಳೇ ಎಕ್ಸ್‌ರೇ ಫಿಲ್ಮು, ಯಾವುದೂ ಬೇಡ. ಗ್ರಹಣದ ಕನ್ನಡಕ ಹಾಕಿಕೊಂಡು ಬೈನಾಕ್ಯುಲರ್‌ನಲ್ಲಿ ಇಣುಕೋದಂತೂ ಬೇಡವೇ ಬೇಡ. ಕ್ಷಣದಲ್ಲಿ ಕಣ್ಣು ಹೋಗುತ್ತೆ, ನೋವೂ ಗೊತ್ತಾಗಲ್ಲ. ಕನ್ನಡಕದಲ್ಲಿ ಏನೂ ಕಾಣದ ದಿನ ನಾಸಾದ ಎಸ್‌ಡಿಒ ಉಪಗ್ರಹದ ಚಿತ್ರ ನೋಡಿ. ಇವತ್ತಿನದನ್ನು ನಿನ್ನೆಯದರ ಪಕ್ಕ ಇಟ್ಟರೆ ಯಾವ ಗುಂಪು ಬೆಳೀತಿದೆ ಅಂತ ನಿಮಗೇ ತಿಳಿಯುತ್ತೆ.

13664 ಸುಮ್ಮನೆ ಹೋಗಲಿಲ್ಲ. ಮೇ 14ರಂದು ಅಂಚಿನಲ್ಲಿ ಮರೆಯಾಗುವ ಹೊತ್ತಿಗೆ ಎಕ್ಸ್8.7, ಅದುವರೆಗಿನ ಅದರ ಎಲ್ಲಕ್ಕಿಂತ ದೊಡ್ಡ ಜ್ವಾಲೆ. ಸೂರ್ಯನ ಆಚೆ ಬದಿ ಸುತ್ತಿ ತಿಂಗಳ ಕೊನೆಗೆ ಮತ್ತೆ ಬಂತು, ಈ ಸಲ 13697 ಅನ್ನೋ ಹೊಸ ನಂಬರಿನಲ್ಲಿ. ಅಮ್ಮನಿಗೆ ಫೋನ್ ಮಾಡಿ, "ಆ ಕಪ್ಪು ಚುಕ್ಕಿ ವಾಪಸ್ ಬಂದಿದೆ ಕಣಮ್ಮಾ, ಕನ್ನಡಕ ಅಲ್ಲೇ ಬಿಟ್ಟಿದ್ದೀನಿ, ನೋಡು" ಅಂದೆ.

"ಎಲ್ಲಿಯ ಚುಕ್ಕಿನೇ? ಮೋಡ ಮುಚ್ಕೊಂಡು ಎರಡು ದಿನ ಆಯ್ತು, ಹಪ್ಪಳಾನೇ ಒಣಗ್ತಿಲ್ಲ" ಅಂದರು.