ಸೋಪ್ ಶಾಸ್ತ್ರಿ ಇಂಗ್ಲೆಂಡಿನಿಂದ ತಂದದ್ದೇನು?

ಕೆ.ಆರ್. ಪುರದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿ, ಇಂದಿರಾನಗರ, ಹಲಸೂರು ದಾಟಿ ವಿಧಾನಸೌಧದ ಸ್ಟೇಷನ್ನಿನಲ್ಲಿ ಇಳಿದರೆ ಕೆ.ಆರ್. ಸರ್ಕಲ್ ಹತ್ತಿರವೇ. ಮೈಸೂರು ಸ್ಯಾಂಡಲ್ ಸೋಪಿನ ಮೊದಲ ಕಾರ್ಖಾನೆ ಇದ್ದದ್ದು ಈ ಸುತ್ತಮುತ್ತಲೇ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಹಾಸ್ಟೆಲ್ ಬಕೆಟ್ಟಿನಲ್ಲಿ ದಿನಾ ಕಾಣುವ ಆ ಸೋಪಿನ ಹಿಂದೆ ಒಬ್ಬ ಕೈಗಾರಿಕಾ ರಸಾಯನತಜ್ಞರಿದ್ದಾರೆ. ಅವರೇ ಎಸ್.ಜಿ. ಶಾಸ್ತ್ರಿ, ಜನ ಪ್ರೀತಿಯಿಂದ ಕರೆದದ್ದು 'ಸೋಪ್ ಶಾಸ್ತ್ರಿ'.

ಕಥೆ ಶುರುವಾಗೋದು ಒಂದು ಸಂಕಟದಿಂದ. ಮೈಸೂರು ಸಂಸ್ಥಾನದ ಶ್ರೀಗಂಧ ಯುರೋಪಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಬಂತು, ರಫ್ತು ಕುಸಿಯಿತು, ಕಡಿದ ಮರ ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲ. ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರ ನೆರವಿನಿಂದ 1916ರಲ್ಲಿ ಬೆಂಗಳೂರಿನಲ್ಲೇ ಗಂಧದೆಣ್ಣೆ ತೆಗೆಯಲಾಯಿತು. ಮುಂದಿನ ಹೆಜ್ಜೆ ಸೋಪು. ಅದನ್ನು ಕಲಿಯಲು ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳಿಸಿದರು.

ಸೋಪು ಮಾಡೋದು ನಮಗೆ ಪಿಯುಸಿಯಲ್ಲೇ ಗೊತ್ತು: ಕೊಬ್ಬು ಪ್ಲಸ್ ಕಾಸ್ಟಿಕ್ ಸೋಡಾ, ಬರೋದು ಸೋಪು ಮತ್ತು ಗ್ಲಿಸರಾಲ್. ಕಷ್ಟ ಇರೋದು ಪರಿಮಳದಲ್ಲಿ. ಸೋಪು ಕ್ಷಾರೀಯ, ಹಲವು ಸುಗಂಧಗಳಲ್ಲಿರುವ ಎಸ್ಟರ್‌ಗಳು ಕ್ಷಾರದಲ್ಲಿ ಒಡೆದುಹೋಗುತ್ತವೆ. ಗಂಧದೆಣ್ಣೆಯ ಮುಖ್ಯ ಅಂಶ ಸ್ಯಾಂಟಲಾಲ್ ಒಂದು ಆಲ್ಕೋಹಾಲ್, ಆ ಥರ ಒಡೆಯುವುದಿಲ್ಲ. ಅದರ ಕುದಿಬಿಂದು ಸುಮಾರು 300 ಡಿಗ್ರಿ, ಹಾಗಾಗಿ ಬೇಗ ಆರುವುದೂ ಇಲ್ಲ. ಅಷ್ಟು ಕಾಯಿಸದೆ ಎಣ್ಣೆ ತೆಗೆಯೋದು ಹೇಗೆ? ಮರದ ಚೂರಿನ ಮೂಲಕ ಹಬೆ ಹಾಯಿಸಿದರೆ ನೀರು, ಎಣ್ಣೆ ಎರಡರ ಆವಿ ಒತ್ತಡ ಸೇರಿ, 100 ಡಿಗ್ರಿ ಹತ್ತಿರವೇ ಎಣ್ಣೆಯೂ ಜೊತೆಗೆ ಹೊರಬರುತ್ತದೆ.

ವಾಪಸ್ ಬಂದ ಶಾಸ್ತ್ರಿಯವರ ಕೆಲಸ ಪ್ರಯೋಗಾಲಯಕ್ಕೆ ಮುಗಿಯಲಿಲ್ಲ. ಅಂಡಾಕಾರದ ಸೋಪು, ಆಭರಣದ ಪೆಟ್ಟಿಗೆಯಂಥ ಡಬ್ಬ, ಶರಭದ ಲಾಂಛನ, ಎಲ್ಲದರಲ್ಲೂ ಅವರ ಕೈಯಿತ್ತು. 1957ರಲ್ಲಿ ಕಾರ್ಖಾನೆ ಯಶವಂತಪುರದ ಕಡೆಗೆ ಹೋಯಿತು. 2006ರಲ್ಲಿ ಸೋಪಿಗೆ ಜಿಐ ಟ್ಯಾಗೂ ಸಿಕ್ಕಿತು.

ಫೈನಲ್ ಇಯರ್ ಬಂದರೆ ನಮ್ಮಲ್ಲಿ ಒಂದೇ ಚರ್ಚೆ: ಎಂಎಸ್‌ಗೆ ಹೊರಗೆ ಹೋಗೋದಾ, ಇಲ್ಲೇ ಇರೋದಾ? ಶಾಸ್ತ್ರಿಯವರು ಹೋದರು, ಬಂದರು. ಇಂಗ್ಲೆಂಡಿನಲ್ಲಿ ಸೋಪು ಮಾಡುವ ವಿದ್ಯೆ ಇತ್ತು, ಗಂಧದ ಕಾಡು ಇರಲಿಲ್ಲ. ನಮ್ಮಲ್ಲಿ ಕಾಡಿತ್ತು, ಆ ವಿದ್ಯೆ ಬೇಕಿತ್ತು. ಎರಡನ್ನೂ ಬಲ್ಲ ಒಬ್ಬರು ನಡುವೆ ನಿಂತಿದ್ದಕ್ಕೆ ಆ ಸೋಪು ಹುಟ್ಟಿತು. ಹೋಗುವ ಮುಂಚೆ ನಾವೂ ಕೇಳಿಕೊಳ್ಳೋಣ: ನಮ್ಮೂರಲ್ಲಿ ರಾಶಿ ಬಿದ್ದಿರೋದು ಏನು?