ಅಲೆ ಬಂದರೂ ಬಾಗಿಲು ತೆರೆಯದೇಕೆ?

ಪರೀಕ್ಷೆಯ ಅರ್ಜಿ ಸಲ್ಲಿಸಲು ಅದು ಕಡೆಯ ದಿನ. ಚಿಕ್ಕೋಡಿಯ ಕಾಲೇಜೊಂದರಲ್ಲಿ ವಿದ್ಯಾರ್ಥಿಯೊಬ್ಬನು ತನ್ನ ಹಳೆಯ ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟು, “ಸರ, ಸಿಗ್ನಲ್ ಪೂರಾ ಐತಿ, ಒಳಗ ಮಾತ್ರ ಬಿಡವಲ್ದು” ಎಂದನು. ಗುಪ್ತಪದವನ್ನು ಹತ್ತಾರು ಸಲ ಬರೆದು ಅವನು ದಣಿದಿದ್ದನು.

ಇಲ್ಲಿ ಎರಡು ಬೇರೆ ಸಂಗತಿಗಳನ್ನು ನಾವು ಒಂದೆಂದು ಭಾವಿಸುತ್ತೇವೆ. ವೈ-ಫೈ ಚಿಹ್ನೆಯ ಗೆರೆಗಳು ತೋರಿಸುವುದು ಅಲೆಯ ಬಲವನ್ನು ಮಾತ್ರ. ಸೆಕೆಂಡಿಗೆ ಸುಮಾರು 240 ಕೋಟಿ ಸಲ ಕಂಪಿಸುವ, 12.5 ಸೆಂಟಿಮೀಟರ್ ಉದ್ದದ ಆ ವಿದ್ಯುತ್ಕಾಂತ ಅಲೆಯು ಬಂದವರು ಯಾರೆಂಬುದನ್ನು ಅರಿಯದು. ಕಬ್ಬು ಹೇರಿದ ಟ್ರ್ಯಾಕ್ಟರು ಸಕ್ಕರೆ ಕಾರ್ಖಾನೆಯ ಬಾಗಿಲಿಗೆ ಬಂದ ಮಾತ್ರಕ್ಕೆ ಕಾಟಾ ಏರಲಾರದು, ಚೀಟಿ ತಾಳೆಯಾಗಬೇಕು. ಅಥಣಿ, ರಾಯಬಾಗಗಳ ವಾಚಕರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಕಾಲೇಜಿನಂಥ ದೊಡ್ಡ ಜಾಲಗಳು ಚೀಟಿ ನೋಡಲು ಸಾಮಾನ್ಯವಾಗಿ 2001ರಲ್ಲಿ ಪ್ರಕಟವಾದ 802.1ಎಕ್ಸ್ ಎಂಬ ನಿಯಮವನ್ನು ಅನುಸರಿಸುತ್ತವೆ. ಗೋಡೆಯ ಮೇಲಿನ ವೈ-ಫೈ ಪೆಟ್ಟಿಗೆ ಕೇವಲ ಜವಾನ. ನಿರ್ಣಯವು ರೇಡಿಯಸ್ ಎಂಬ ಸೇವೆಯನ್ನು ನಡೆಸುವ ಒಳಗಿನ ಗಣಕದ್ದು. ಮೊದಲು ಆ ಗಣಕವು ತನ್ನ ಪ್ರಮಾಣಪತ್ರವನ್ನು ತೋರಿಸಿ ತಾನಾರೆಂದು ರುಜುವಾತುಪಡಿಸುತ್ತದೆ. ಆಮೇಲೆ ವಿದ್ಯಾರ್ಥಿಯ ಹೆಸರು, ಗುಪ್ತಪದಗಳ ಸರದಿ.

ಹಾಗಾದರೆ ದೋಷವಿರುವುದು ಎಲ್ಲಿ? ಪ್ರಯೋಗಶಾಲೆಯ ಹಳೆಯ ಸೂತ್ರವನ್ನೇ ಬಳಸೋಣ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎಲ್ಲರಿಗೂ ಒಮ್ಮೆಗೇ ಪ್ರವೇಶ ತಪ್ಪಿದರೆ, ಒಳಗಿನ ಗಣಕವು ಕೆಟ್ಟಿರಬೇಕು ಇಲ್ಲವೆ ಅದರ ಪ್ರಮಾಣಪತ್ರದ ಅವಧಿ ತೀರಿರಬೇಕು. ಒಬ್ಬನಿಗೆ ಎಲ್ಲ ಯಂತ್ರಗಳಲ್ಲಿಯೂ ತಪ್ಪಿದರೆ ಅವನ ಖಾತೆಯನ್ನು ಪರೀಕ್ಷಿಸಬೇಕು. ಒಂದೇ ಯಂತ್ರದಲ್ಲಿ ತಪ್ಪಿದರೆ ಕಾರಣವೂ ಅಲ್ಲಿಯೇ: ಹಳೆಯ ಗುಪ್ತಪದವು ನೆನಪಿನಲ್ಲಿ ಉಳಿದಿರಬಹುದು, ಹೆಸರಿನ ಕೊನೆಗೆ ಕಣ್ಣಿಗೆ ಕಾಣದ ತೆರಪೊಂದು ಸೇರಿರಬಹುದು.

ನಮ್ಮ ವಿದ್ಯಾರ್ಥಿಯ ಹೆಸರನ್ನು ಕಾಲೇಜಿನ ಇನ್ನೊಂದು ಲ್ಯಾಪ್‌ಟಾಪಿನಲ್ಲಿ ಬರೆದಾಗ ಪ್ರವೇಶ ದೊರೆಯಿತು. ಅವನ ಲ್ಯಾಪ್‌ಟಾಪಿನ ಗಡಿಯಾರವನ್ನು ನೋಡಿದರೆ, ಹಲವು ವರ್ಷ ಹಿಂದಿನ ದಿನಾಂಕ! ಗಡಿಯಾರವನ್ನು ನಡೆಸುವ ಪುಟ್ಟ ಬ್ಯಾಟರಿ ಬರಿದಾಗಿತ್ತು. ಆ ದಿನಾಂಕಕ್ಕೆ ಪ್ರಮಾಣಪತ್ರವಿನ್ನೂ ಹುಟ್ಟಿಯೇ ಇರಲಿಲ್ಲವಾದುದರಿಂದ ಲ್ಯಾಪ್‌ಟಾಪು ಅದನ್ನು ನಂಬಲಿಲ್ಲ. ಅಂತರಜಾಲದಿಂದ ಕಾಲವನ್ನು ತಿದ್ದಿಕೊಳ್ಳೋಣವೆಂದರೆ ಅಂತರಜಾಲವೇ ಇಲ್ಲ! ಕೈಯಾರೆ ದಿನಾಂಕ ತಿದ್ದಿದೊಡನೆ ಬಾಗಿಲು ತೆರೆಯಿತು, ಅರ್ಜಿಯೂ ಹೋಯಿತು.

“ಪ್ರಮಾಣಪತ್ರ ನೋಡುವುದನ್ನೇ ನಿಲ್ಲಿಸಿಬಿಡು” ಎಂದು ಗೆಳೆಯನೊಬ್ಬನು ಅವನಿಗೆ ಮೊದಲೇ ಹೇಳಿದ್ದನಂತೆ. ಹಾಗೆ ಮಾಡಿದ್ದರೂ ಬಾಗಿಲು ತೆರೆಯುತ್ತಿತ್ತು. ಆದರೆ ಮುಂದೆ ಕಾಲೇಜಿನ ಹೆಸರಿನಲ್ಲೇ ಸುಳ್ಳು ಜಾಲ ಹೂಡಿದವನಿಗೂ ಅದೇ ಲ್ಯಾಪ್‌ಟಾಪು ಗುಪ್ತಪದದ ಸುಳಿವನ್ನು, ಕೆಲವು ಕ್ರಮಗಳಲ್ಲಿ ಗುಪ್ತಪದವನ್ನೇ, ಒಪ್ಪಿಸಿಬಿಡುತ್ತಿತ್ತು.

ನಿರಾಕರಣೆಯ ನಿಜವಾದ ಕಾರಣವು ಬಹಳ ಸಲ ನಮ್ಮ ಪರದೆಗೆ ಬಾರದು. ಒಳಗಿನ ಗಣಕದ ದಾಖಲೆಯಲ್ಲಿ ಉಳಿಯುತ್ತದೆ. ಆದುದರಿಂದ ಪ್ರಯತ್ನಿಸಿದ ವೇಳೆಯನ್ನು ಗುರುತು ಹಾಕಿಕೊಂಡು ಜಾಲದ ಮೇಲ್ವಿಚಾರಕರ ಬಳಿಗೆ ಹೋಗಿರಿ. ಯಾರು ಯಾರನ್ನು ನಂಬಲಿಲ್ಲವೆಂಬುದು ತಿಳಿದರೆ ಅರ್ಧ ಕೆಲಸ ಮುಗಿದಂತೆಯೇ.