ನ್ಯಾನೋ ಯೂರಿಯಾದ ಕಣಗಳನ್ನು ಅಳೆಯುವ ಬಗೆ

ಭದ್ರಾ ನಾಲೆಯ ನೀರಿನಿಂದ ಭತ್ತ ಬೆಳೆಯುವ ದಾವಣಗೆರೆ, ಹರಿಹರ ಸೀಮೆಯ ಜಮೀನುದಾರರು ನ್ಯಾನೋ ಯೂರಿಯಾ ದ್ರಾವಣವನ್ನು ಕೊಳ್ಳುವ ಮೊದಲು ಅದರ ಕಣಗಳ ಲೆಕ್ಕವನ್ನು ಅರಿತಿರುವುದು ಒಳಿತು. ಭಾರತ ಸರ್ಕಾರವು 2021ರಲ್ಲಿ ವಿಧಿಸಿದ ಕಟ್ಟಳೆಯಂತೆ ಸರಕಿನ ಕನಿಷ್ಠ ಶೇಕಡ 50 ಪಾಲು 20ರಿಂದ 50 ನ್ಯಾನೋಮೀಟರ್ ಗಾತ್ರದ್ದಾಗಿರಬೇಕಿತ್ತು. ನ್ಯಾನೋಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಒಂದು ಹನಿಯನ್ನು ತೆಳು ಜಾಲರಿಯ ಮೇಲೆ ಒಣಗಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಚಿತ್ರ ತೆಗೆದು, ಚಿತ್ರದಲ್ಲಿನ ಅಳತೆಗೆರೆಯೊಡನೆ ಒಂದೊಂದು ಕಣವನ್ನೂ ಹೋಲಿಸಿ ಎಣಿಸುವರು.

ತೊಡಕಿರುವುದು ಈ ಎಣಿಕೆಯಲ್ಲಿಯೇ. ಭತ್ತವನ್ನು ಯಾರೂ ಕಾಳೆಣಿಸಿ ಮಾರರು, ತೂಗಿ ಮಾರುವರಷ್ಟೆ. 40 ನ್ಯಾನೋಮೀಟರಿನ 99 ಗುಂಡು ಕಣಗಳ ನಡುವೆ 200 ನ್ಯಾನೋಮೀಟರಿನದು ಒಂದೇ ಒಂದಿದ್ದರೆ, ಎಣಿಕೆಯಲ್ಲಿ ಸಣ್ಣವು ಶೇಕಡ 99. ಆದರೆ ಆ ದೊಡ್ಡದೊಂದೇ ತೂಕದಲ್ಲಿ 125 ಸಣ್ಣ ಕಣಗಳಿಗೆ ಸಮನು. ಆಗ ಸಣ್ಣವುಗಳ ಪಾಲು ಶೇಕಡ 44ಕ್ಕೆ ಇಳಿಯುವುದು. ಪರೀಕ್ಷಾಪತ್ರದ ಶೇಕಡವು ಎಣಿಕೆಯದೋ ತೂಕದ್ದೋ ಎಂಬುದನ್ನು ವಿಚಾರಿಸತಕ್ಕದ್ದು.